ಹಡಗು ಹತ್ತುವ ಸಿಗಡಿ, ಸಂತೆಗೆ ಬರುವ ಮೀನು

ಆಂಧ್ರಪ್ರದೇಶದ ಭೀಮಾವರಂ ಸುತ್ತಮುತ್ತಲಿನ ಹೊಂಡಗಳಿಂದ ಎರಡು ಬಗೆಯ ಸರಕು ಹೊರಡುತ್ತದೆ. ಒಂದು, ವನಾಮಿ ಸಿಗಡಿ. ಅದು ಯುರೋಪಿಗೆ ಹೋಗುವುದಾದರೆ ಹೊಂಡಕ್ಕೆ ಬಲೆ ಬೀಳುವ ಮೊದಲೇ ಅದರ ಸ್ಯಾಂಪಲ್ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ ಲ್ಯಾಬಿಗೆ ಹೋಗಿ, ನಿಷೇಧಿತ ಆಂಟಿಬಯೋಟಿಕ್ ಇಲ್ಲವೆಂಬ ಪ್ರಮಾಣಪತ್ರ ತರಬೇಕು. ಸಂಸ್ಕರಣಾ ಘಟಕಕ್ಕೆ ಬಂದ ಮೇಲೆ ಇನ್ನೊಂದು ಸುತ್ತಿನ ತಪಾಸಣೆ. ಇಷ್ಟೆಲ್ಲ ಆಗಿ ಹಡಗು ಆಚೆ ದಡ ಮುಟ್ಟಿದಾಗಲೂ ಅನುಮಾನ ಮುಗಿಯುವುದಿಲ್ಲ. 2016ರಲ್ಲಿ ಯುರೋಪ್ ಒಕ್ಕೂಟವು ಭಾರತದ ಸಾಕಣೆ ಸಿಗಡಿಯ ಮೇಲಿನ ಗಡಿ ತಪಾಸಣೆಯನ್ನು ಶೇ 10ರಿಂದ ಶೇ 50ಕ್ಕೆ ಏರಿಸಿತು. ಅಂದರೆ ಬಂದ ಎರಡು ಸರಕುಗಳಲ್ಲಿ ಒಂದನ್ನು ತೆರೆದು ಪರೀಕ್ಷಿಸಬೇಕು.

ಇನ್ನೊಂದು ಸರಕು ರೋಹು, ಕಾಟ್ಲಾ, ಪಂಗಾಸಿಯಸ್. ಅವು ಐಸ್ ತುಂಬಿದ ಕ್ರೇಟುಗಳಲ್ಲಿ ಲಾರಿ ಹತ್ತಿ ಗುವಾಹಟಿಗೆ, ಹೌರಾಗೆ, ಬೆಂಗಳೂರಿಗೆ ಹೋಗುತ್ತವೆ. ದಾರಿಯಲ್ಲಿ ತೂಕ ಕೇಳುವವರಿದ್ದಾರೆ, ಟೋಲ್ ಕೇಳುವವರಿದ್ದಾರೆ. ಹೊಂಡದಲ್ಲಿ ಯಾವ ಔಷಧ ಹಾಕಿದ್ದಿರಿ, ಎಷ್ಟು ದಿನದ ಹಿಂದೆ ನಿಲ್ಲಿಸಿದಿರಿ ಎಂದು ಕೇಳುವವರು ಇಲ್ಲವೆಂದೇ ಹೇಳಬೇಕು. ಒಂದೇ ಜಿಲ್ಲೆಯ ನೀರು, ಕೆಲವೊಮ್ಮೆ ಒಬ್ಬನೇ ರೈತ, ಒಂದೇ ಔಷಧದಂಗಡಿ. ತಿನ್ನುವವರು ಮಾತ್ರ ಬೇರೆ.

ನಮ್ಮ ಸಂತೆಯ ಮೀನಿನಲ್ಲಿ ಔಷಧ ತುಂಬಿದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಬೇಕಾದಷ್ಟು ಅಳತೆ ನಮ್ಮಲ್ಲಿ ಆಗಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ. ಈ ದೇಶಕ್ಕೆ ಅಳೆಯಲು ಬರುತ್ತದೆ. ಯಂತ್ರಗಳಿವೆ, ಅವನ್ನು ಬಲ್ಲ ರಸಾಯನಶಾಸ್ತ್ರಜ್ಞರಿದ್ದಾರೆ, ಇಪ್ಪತ್ತು ವರ್ಷಕ್ಕೂ ಮೀರಿದ ಅನುಭವ ಇದೆ. ಆದರೆ ಈ ವಿದ್ಯೆಯನ್ನೆಲ್ಲ ಕಟ್ಟಿದ್ದು ದೂರದ ಕೊಳ್ಳುವವನ ಬೇಡಿಕೆಗೆ. 2023-24ರಲ್ಲಿ ಭಾರತ ಅರವತ್ತು ಸಾವಿರ ಕೋಟಿ ರೂಪಾಯಿ ಮೀರಿದ ಸಾಗರೋತ್ಪನ್ನ ರಫ್ತು ಮಾಡಿತು. ಅದರ ಮೌಲ್ಯದಲ್ಲಿ ಮೂರನೇ ಎರಡು ಪಾಲು ಶೀತಲೀಕರಿಸಿದ ಸಿಗಡಿಯದು. ಅಷ್ಟು ಹಣ ಅಪಾಯದಲ್ಲಿದ್ದಾಗ ಅಳತೆ ತಾನಾಗಿ ಬಂತು. ಅದೇ ಕಾಲಕ್ಕೆ ದೇಶದ ಒಟ್ಟು ಮೀನು ಉತ್ಪಾದನೆ 175 ಲಕ್ಷ ಟನ್ ದಾಟಿತ್ತು. ಅದರ ಬಹುಪಾಲು ತಿನ್ನುವವರು ನಾವೇ. ನಮ್ಮ ಬಾಯಿಗೆ ಬೀಳುವ ಮೀನಿಗೆ ಅಂಥ ಒತ್ತಡ ಹಾಕುವ ಆಮದುದಾರ ಯಾರೂ ಇಲ್ಲ.

ಮೊದಲು ಅಳತೆ ಎಂದರೇನು ಎಂಬುದನ್ನು ಬಿಡಿಸಿಕೊಳ್ಳಬೇಕು. ಇಲ್ಲಿ ಎರಡು ಜಾತಿಯ ಅಂಕಿಗಳಿವೆ. ಒಂದು, ಸುರಕ್ಷತೆಯ ಲೆಕ್ಕದಿಂದ ಹುಟ್ಟಿದ್ದು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ನಿಯಮಗಳಲ್ಲಿ ಮೀನು-ಸಿಗಡಿಗೆ ಟೆಟ್ರಾಸೈಕ್ಲಿನ್ ಹಾಗೂ ಆಕ್ಸಿಟೆಟ್ರಾಸೈಕ್ಲಿನ್ ಕಿಲೋಗೆ 0.1 ಮಿಲಿಗ್ರಾಂ, ಟ್ರೈಮೆಥೊಪ್ರಿಮ್ 0.05, ಆಕ್ಸೊಲಿನಿಕ್ ಆಮ್ಲ 0.3 ಎಂದು ಮಿತಿ ಹಾಕಲಾಗಿತ್ತು. ಇವು ಬಳಸಬಹುದಾದ ಔಷಧಗಳು, ಬಳಸಿದ ಮೇಲೆ ಇಷ್ಟಕ್ಕಿಂತ ಹೆಚ್ಚು ಉಳಿಯಬಾರದು. 0.1 ಮಿಲಿಗ್ರಾಂ ಎಂದರೆ ಎಷ್ಟು? ಒಬ್ಬ ರೋಗಿ ನುಂಗುವ 250 ಮಿಲಿಗ್ರಾಂ ಕ್ಯಾಪ್ಸೂಲಿನಷ್ಟು ಔಷಧ ಮೈಗೆ ಸೇರಬೇಕಾದರೆ ಮಿತಿಯ ಅಂಚಿನಲ್ಲಿರುವ ಮೀನನ್ನು ಎರಡೂವರೆ ಸಾವಿರ ಕಿಲೋ ತಿನ್ನಬೇಕು. ಮಿತಿಯೊಳಗಿನ ಮೀನು ತಿಂದವರು ಅಂಜಬೇಕಾಗಿಲ್ಲ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಎರಡನೆಯ ಜಾತಿಯ ಅಂಕಿ ಯಂತ್ರದಿಂದ ಹುಟ್ಟಿದ್ದು. ನಮ್ಮ ಹಿಂದಿನ ತಲೆಮಾರು ಟೈಫಾಯ್ಡಿಗೆ ನುಂಗಿದ ಕ್ಲೋರಾಂಫೆನಿಕಾಲಿನ ಅಂಕಿ ಇಂಥದ್ದು. ಈ ಔಷಧ ಅಪರೂಪಕ್ಕೆ, ಹತ್ತಾರು ಸಾವಿರ ಜನರಲ್ಲಿ ಒಬ್ಬರಿಗೆ, ಅಸ್ಥಿಮಜ್ಜೆಯನ್ನೇ ಒಣಗಿಸಿ ರಕ್ತ ಹುಟ್ಟದಂತೆ ಮಾಡುತ್ತದೆ. ಅದಕ್ಕೂ ಔಷಧದ ಪ್ರಮಾಣಕ್ಕೂ ನೇರ ಸಂಬಂಧ ಕಾಣದ ಕಾರಣ ಇಷ್ಟು ತಿಂದರೆ ಏನೂ ಆಗದು ಎಂಬ ಗೆರೆ ಎಳೆಯಲು ವಿಜ್ಞಾನಿಗಳಿಗೆ ಆಗಲಿಲ್ಲ. ಗೆರೆ ಇಲ್ಲದ ಮೇಲೆ ಪೂರ್ತಿ ನಿಷೇಧವೊಂದೇ ಉಳಿಯಿತು. ಆದರೆ ಸೊನ್ನೆಯನ್ನು ಅಳೆಯಬಲ್ಲ ಯಂತ್ರ ಲೋಕದಲ್ಲಿ ಇಲ್ಲ. ಹಾಗಾಗಿ ಯುರೋಪ್ 2003ರಲ್ಲಿ ಒಂದು ಅಂಕಿ ಗೊತ್ತುಮಾಡಿತು: ಕಿಲೋಗೆ 0.3 ಮೈಕ್ರೋಗ್ರಾಂ ಇದ್ದರೂ ಲ್ಯಾಬು ಕಂಡುಹಿಡಿಯಲೇಬೇಕು. ಯಂತ್ರಗಳು ಸೂಕ್ಷ್ಮವಾದವು, ಅಂಕಿಯೂ ಇಳಿಯಿತು. 2022ರ ನವೆಂಬರಿನಿಂದ ಅದು 0.15. ಒಂದೇ ಒಂದು ಗ್ರಾಂ ಕ್ಲೋರಾಂಫೆನಿಕಾಲನ್ನು ಆರೂವರೆ ಸಾವಿರ ಟನ್ ಮೀನಿಗೆ ಸಮನಾಗಿ ಹಂಚಿದರೆ ಪ್ರತಿ ಕಿಲೋದಲ್ಲೂ ಈ ಅಂಕಿ ದಾಟುತ್ತದೆ.

ಇಷ್ಟು ಸಣ್ಣ ಪ್ರಮಾಣ ಯಾರನ್ನು ಕೊಲ್ಲುತ್ತದೆ, ಇದೆಲ್ಲ ಶ್ರೀಮಂತ ದೇಶಗಳು ಬಡವರ ಸರಕಿಗೆ ಕಟ್ಟಿದ ಬೇಲಿ ಎಂಬ ವಾದ ರಫ್ತುದಾರರ ವಲಯದಲ್ಲಿ ಬಹಳ ಕಾಲದಿಂದ ಇದೆ. ಅದರಲ್ಲಿ ಅರ್ಧ ಸತ್ಯವಿದೆ. ಯಂತ್ರ ಸೂಕ್ಷ್ಮವಾದ ಮಾತ್ರಕ್ಕೆ ಅಪಾಯ ಹೆಚ್ಚುವುದಿಲ್ಲ. ಆದರೆ 0.15ನ್ನು ವಿಷದ ಪ್ರಮಾಣವೆಂದು ಓದುವುದೇ ತಪ್ಪು. ಅದು ಒಂದು ನಡತೆಯ ಗುರುತು. ಹೊಂಡಕ್ಕೆ ಹಾಕಬಾರದ ಔಷಧವನ್ನು ಯಾರೋ ಹಾಕಿರಬಹುದು ಎಂಬ ಸುಳಿವು. ಹಾಗೆ ಓದಿದಾಗ ಸಣ್ಣ ಅಂಕಿಗೂ ಅರ್ಥ ಬರುತ್ತದೆ, ಆ ಸುಳಿವನ್ನು ಹಿಡಿದು ಹೊಂಡದವರೆಗೆ ಹೋಗಿ ವಿಚಾರಿಸಬೇಕಾದ ಹೊಣೆಯೂ ಬರುತ್ತದೆ. ಕಂಟೇನರು ಹಿಂದಕ್ಕೆ ಕಳಿಸಿ ಸುಮ್ಮನಾಗುವುದು ಆ ಹೊಣೆಯನ್ನು ಅರ್ಧಕ್ಕೆ ಬಿಟ್ಟಂತೆ.

ಲ್ಯಾಬಿನಲ್ಲಿ ನಡೆಯುವ ಕೆಲಸ ತಾಳ್ಮೆಯದು. ಮೊದಲ ಜರಡಿ ಎಲಿಸಾ ಪರೀಕ್ಷೆ. ಔಷಧದ ಅಣುವನ್ನು ಹಿಡಿಯುವ ಪ್ರತಿಕಾಯಗಳನ್ನು ಬಳಸಿ, ಬಣ್ಣದ ಏರಿಳಿತದಿಂದ ಇದೆಯೋ ಇಲ್ಲವೋ ಊಹಿಸುತ್ತಾರೆ. ಅಗ್ಗ, ಬೇಗ. ಆದರೆ ಹೋಲುವ ಅಣುಗಳಿಗೂ ಮೋಸಹೋಗುತ್ತದೆ. ಸಂಶಯ ಬಂದದ್ದು ದೃಢಪಡಿಸುವ ಯಂತ್ರಕ್ಕೆ ಹೋಗುತ್ತದೆ. ಮೀನಿನ ಮಾಂಸವನ್ನು ಅರೆದು, ದ್ರಾವಕದಲ್ಲಿ ಔಷಧವನ್ನು ಎಳೆದು, ಕೊಬ್ಬು ತೆಗೆದು, ಆವಿ ಮಾಡಿ, ಉಳಿದದ್ದನ್ನು ಸಣ್ಣ ಕೊಳವೆಯಲ್ಲಿ ಹಾಯಿಸುತ್ತಾರೆ. ಅಲ್ಲಿಂದ ಹೊರಬಂದ ಅಣುವನ್ನು ಮಾಸ್ ಸ್ಪೆಕ್ಟ್ರೋಮೀಟರ್ ಒಡೆಯುತ್ತದೆ. ಚೂರುಗಳ ತೂಕ ಮಾತ್ರ ಸರಿಯಿದ್ದರೆ ಸಾಲದು. ಒಂದು ಚೂರಿಗೂ ಇನ್ನೊಂದಕ್ಕೂ ಇರುವ ಅನುಪಾತ ಶುದ್ಧ ಔಷಧದಲ್ಲಿ ಇರುವಂತೆಯೇ ಇರಬೇಕು. ಅರೆಯುವಾಗ, ಎಳೆಯುವಾಗ ಎಷ್ಟು ಸೋರಿಹೋಯಿತು ಎಂದು ತಿಳಿಯಲು ಅದೇ ಔಷಧದ ತುಸು ಭಾರವಾದ ಒಂದು ರೂಪವನ್ನು ಗೊತ್ತಾದ ಅಳತೆಯಲ್ಲಿ ಮೊದಲೇ ಬೆರೆಸಿಟ್ಟಿರುತ್ತಾರೆ. ಅದು ಎಷ್ಟು ಕಳೆಯಿತೋ ಇದೂ ಅಷ್ಟೇ ಕಳೆದಿರಬೇಕು ಎಂಬುದು ತರ್ಕ. ನಿಜಕ್ಕೂ ಸುಂದರವಾದ ವಿದ್ಯೆ ಇದು.

ಆದರೆ ಎಷ್ಟೇ ಸೂಕ್ಷ್ಮವಾದ ಯಂತ್ರವೂ ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ನೈಟ್ರೋಫ್ಯುರಾನುಗಳ ಕತೆ ಇದನ್ನು ಬಿಡಿಸಿ ಹೇಳುತ್ತದೆ. ಫ್ಯುರಾಜೋಲಿಡೋನ್, ನೈಟ್ರೋಫ್ಯುರಾಜೋನ್ ಮೊದಲಾದ ಈ ಗುಂಪಿನ ಔಷಧಗಳನ್ನು ಕ್ಯಾನ್ಸರಿನ ಶಂಕೆಯಿಂದ ಯುರೋಪ್ 1990ರ ದಶಕದ ನಡುವಿಗೆ ಪೂರ್ತಿ ನಿಷೇಧಿಸಿತು. ಲ್ಯಾಬುಗಳು ಔಷಧದ ಮೂಲ ಅಣುವನ್ನು ಹುಡುಕಿದವು. ಸಿಗಲಿಲ್ಲ. ಎಲ್ಲ ಶುದ್ಧವೆಂದು ವರದಿ ಹೋಯಿತು. ನಿಜ ಏನೆಂದರೆ ಈ ಔಷಧ ಪ್ರಾಣಿಯ ಮೈಯೊಳಗೆ ಕೆಲವೇ ಗಂಟೆಗಳಲ್ಲಿ ಒಡೆದುಹೋಗುತ್ತದೆ. ಅದರ ಒಂದು ತುಂಡು ಮಾತ್ರ ಮಾಂಸದ ಪ್ರೋಟೀನಿಗೆ ಅಂಟಿಕೊಂಡು ವಾರಗಟ್ಟಲೆ ಕೂರುತ್ತದೆ. ಬೇಯಿಸಿದರೂ ಹುರಿದರೂ ಹೋಗುವುದಿಲ್ಲ. ಆ ತುಂಡನ್ನು ಹಿಡಿಯಬೇಕಾದರೆ ಮಾಂಸವನ್ನು ಆಮ್ಲದಲ್ಲಿಟ್ಟು ಅಂಟು ಬಿಡಿಸಿ, ನೈಟ್ರೋಬೆಂಜಾಲ್ಡಿಹೈಡ್ ಬೆರೆಸಿ, 37 ಡಿಗ್ರಿ ಬಿಸಿಯಲ್ಲಿ ರಾತ್ರಿಯಿಡೀ ಕಾಯಬೇಕು. ಈ ವಿಧಾನ ಬಳಕೆಗೆ ಬಂದದ್ದೇ ತಡ, 2002ರ ಸುಮಾರಿಗೆ ಥಾಯ್ಲೆಂಡಿನ ಸಿಗಡಿ, ಕೋಳಿಯಿಂದ ಹಿಡಿದು ಯುರೋಪಿನೊಳಗಿನ ಪೋರ್ಚುಗಲ್ಲಿನ ಕೋಳಿಯವರೆಗೆ ನೈಟ್ರೋಫ್ಯುರಾನ್ ಕಾಣಿಸಿಕೊಂಡಿತು. ಔಷಧ ಹಿಂದೆಯೂ ಇತ್ತು. ಹುಡುಕಿದ ಜಾಗ ತಪ್ಪಾಗಿತ್ತು. ಅಲ್ಲಿಯವರೆಗಿನ ‘ಪತ್ತೆಯಾಗಿಲ್ಲ’ ಎಂಬ ವರದಿಗಳೆಲ್ಲ ವಿಧಾನದ ಕುರುಡನ್ನು ಹೇಳಿದವೇ ಹೊರತು ಮೀನಿನ ಶುದ್ಧಿಯನ್ನಲ್ಲ.

ಇದರ ತದ್ವಿರುದ್ಧ ತಪ್ಪೂ ನಡೆಯಿತು, ಅದಕ್ಕೆ ಬೆಲೆ ತೆತ್ತವರು ಬಡ ರೈತರು. ನೈಟ್ರೋಫ್ಯುರಾಜೋನಿನ ಗುರುತೆಂದು ಹುಡುಕುವ ತುಂಡಿನ ಹೆಸರು ಸೆಮಿಕಾರ್ಬಜೈಡ್. ಬಾಂಗ್ಲಾದೇಶದ ಸಿಹಿನೀರಿನ ದೊಡ್ಡ ಸಿಗಡಿಯಲ್ಲಿ, ಅಲ್ಲಿಯವರು ಗೋಲ್ದಾ ಎನ್ನುವುದರಲ್ಲಿ, ಇದು ಮತ್ತೆ ಮತ್ತೆ ಸಿಕ್ಕಿತು. ಯುರೋಪಿನ ಬಾಗಿಲು ಮುಚ್ಚುವ ಭಯದಿಂದ 2009ರಲ್ಲಿ ಆ ದೇಶ ತಾನೇ ಗೋಲ್ದಾ ರಫ್ತನ್ನು ಸುಮಾರು ಆರು ತಿಂಗಳು ನಿಲ್ಲಿಸಿತು. ಗದ್ದೆಯ ಬದಿಯ ಹೊಂಡದಲ್ಲಿ ಸಿಗಡಿ ಸಾಕಿ ಬದುಕುವ ಸಣ್ಣ ರೈತರ ಸರಕಿಗೆ ಬೆಲೆ ಬಿತ್ತು. ಮುಂದೆ ಬೆಲ್ಜಿಯಂನ ಸಂಶೋಧಕರು ತೋರಿಸಿದ್ದೇನು? ಈ ಜಾತಿಯ ಸಿಗಡಿಯ ಚಿಪ್ಪಿನಲ್ಲಿ ಸೆಮಿಕಾರ್ಬಜೈಡ್ ಸಹಜವಾಗಿಯೇ ಇರುತ್ತದೆ, ಔಷಧ ಮುಟ್ಟಿಸದಿದ್ದರೂ. ಚಿಪ್ಪಿನ ಸಮೇತ ಅರೆದರೆ ಹೊಂಡಕ್ಕೆ ಏನೂ ಹಾಕದ ರೈತನೂ ಅಪರಾಧಿಯಾಗುತ್ತಾನೆ. ಚಿಪ್ಪು ಸುಲಿದು ಒಳಗಿನ ಮಾಂಸವನ್ನಷ್ಟೇ ಪರೀಕ್ಷಿಸಬೇಕು ಎಂಬ ಒಂದು ಸಾಲಿನ ತಿಳಿವಳಿಕೆ ಮೊದಲೇ ಇದ್ದಿದ್ದರೆ ಎಷ್ಟೋ ಮನೆಗಳ ಒಲೆ ಆ ವರ್ಷ ತಣ್ಣಗಾಗುತ್ತಿರಲಿಲ್ಲ. ಅಳತೆ ಸರಿಯಾಗಿರಬೇಕು ಎಂಬುದು ತಿನ್ನುವವನ ಹಕ್ಕು ಹೇಗೋ ಹಾಗೆ ಬೆಳೆಯುವವನ ಹಕ್ಕೂ ಹೌದು. ಅಳತೆಯ ಬಗ್ಗೆ ಬರೆಯುವವರು ಈ ಎರಡನೆಯದನ್ನು ಮರೆಯುತ್ತಾರೆ.

ಎಲ್ಲಿಂದ, ಎಷ್ಟು ಸ್ಯಾಂಪಲ್ ತೆಗೆಯಬೇಕೆಂಬುದು ಮುಂದಿನ ಪ್ರಶ್ನೆ. ಒಂದು ಪ್ರದೇಶದ ನೂರು ಹೊಂಡಗಳಲ್ಲಿ ಐದರಲ್ಲಿ ನಿಷೇಧಿತ ಔಷಧ ಬಳಸಿದ್ದಾರೆ ಎಂದುಕೊಳ್ಳಿ. ಅಂಥದ್ದು ಒಂದಾದರೂ ಕೈಗೆ ಸಿಗುತ್ತದೆಂದು ಶೇ 95ರ ಭರವಸೆ ಬೇಕಾದರೆ 59 ಸ್ಯಾಂಪಲ್ ಬೇಕು. ನೂರಕ್ಕೆ ಒಂದು ಎಂದಾದರೆ ಸುಮಾರು ಮುನ್ನೂರು. ಯಾವುದೋ ಹಬ್ಬದ ಮುಂಚೆ ಮಾರುಕಟ್ಟೆಗೆ ಹೋಗಿ ಇಪ್ಪತ್ತು ಮೀನು ತಂದು ಪರೀಕ್ಷಿಸಿ ಎಲ್ಲ ಸರಿಯಿದೆ ಎಂದು ಪತ್ರಿಕಾ ಹೇಳಿಕೆ ಕೊಟ್ಟರೆ ಅದಕ್ಕೆ ಏನರ್ಥ? ನೂರಕ್ಕೆ ಹದಿಮೂರು ಹೊಂಡಗಳಲ್ಲಿ ತಪ್ಪು ನಡೆದಿದ್ದರೂ ಇಪ್ಪತ್ತು ಸ್ಯಾಂಪಲ್ಲಿನಲ್ಲಿ ಒಂದೂ ಸಿಗದೆ ಹೋಗುವ ಸಾಧ್ಯತೆ ತಳ್ಳಿಹಾಕುವಂತಿಲ್ಲ. ಎಷ್ಟು ಸ್ಯಾಂಪಲ್, ಎಲ್ಲಿಂದ, ಯಾವ ತಿಂಗಳು, ಯಾವ ಔಷಧಗಳನ್ನು ಹುಡುಕಲಾಯಿತು, ಎಷ್ಟರವರೆಗೆ ಹಿಡಿಯಬಲ್ಲ ಯಂತ್ರ ಎಂಬ ಐದು ಮಾಹಿತಿ ಇಲ್ಲದ ‘ಸುರಕ್ಷಿತ’ ಎಂಬ ಪದವನ್ನು ಓದುಗರು ನಂಬಬೇಕಾಗಿಲ್ಲ.

ಮೀನಿನ ಯಾವ ಭಾಗ ಎಂಬುದೂ ನಮ್ಮ ಮಟ್ಟಿಗೆ ಸಣ್ಣ ವಿಷಯವಲ್ಲ. ಅಂತರರಾಷ್ಟ್ರೀಯ ವಿಧಾನಗಳು ಅಳೆಯುವುದು ಮಾಂಸವನ್ನು, ಹೆಚ್ಚೆಂದರೆ ಅದಕ್ಕೆ ಅಂಟಿದ ಚರ್ಮವನ್ನು. ಅದು ಫಿಲೆಟ್ ತಿನ್ನುವವರ ಲೆಕ್ಕ. ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳಿಗೆ ಕ್ಯಾಲ್ಸಿಯಂ ಕಂಡರೆ ಅಂಟಿಕೊಳ್ಳುವ ಗುಣವಿದೆ. ಅದರಿಂದಲೇ ಮಕ್ಕಳಿಗೆ ಅದನ್ನು ಕೊಟ್ಟರೆ ಹಲ್ಲು ಹಳದಿಯಾಗುತ್ತದೆ. ಮೀನಿನಲ್ಲೂ ಅದು ಮೂಳೆ, ಹುರುಪೆಗಳಲ್ಲಿ ಹೋಗಿ ಕೂತು ಮಾಂಸದಿಂದ ಇಳಿದುಹೋದ ಮೇಲೂ ಅಲ್ಲಿ ಉಳಿಯುತ್ತದೆ. ನಾವು ಕಾಟ್ಲಾದ ತಲೆಯನ್ನು ಸಾರಿಗೆ ಹಾಕಿ ಮೂಳೆಯನ್ನು ಚೀಪುವವರು, ಸಣ್ಣ ಮೀನನ್ನು ಮುಳ್ಳಿನ ಸಮೇತ ಹುರಿದು ತಿನ್ನುವವರು. ಬಂಗಾಳ, ಅಸ್ಸಾಮಿನವರ ಊಟವೂ ಹೀಗೆಯೇ. ನಮ್ಮ ಊಟದ ಕ್ರಮಕ್ಕೆ ತಕ್ಕ ಸ್ಯಾಂಪಲ್ ತೆಗೆಯುವ ವಿಧಾನವನ್ನು ಬ್ರಸೆಲ್ಸಿನವರು ಬರೆದುಕೊಡುವುದಿಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು.

ಇಷ್ಟಾದರೂ, ಮೀನಿನಲ್ಲಿ ಉಳಿದ ಔಷಧವನ್ನು ಮಾತ್ರ ಅಳೆಯುವುದರಿಂದ ದೊಡ್ಡ ಅಪಾಯವೊಂದು ಕಣ್ತಪ್ಪುತ್ತದೆ. ಔಷಧ ಹಾಕಿ, ನಿಲ್ಲಿಸಿ, ಸಾಕಷ್ಟು ದಿನ ಕಾದರೆ ಮೀನಿನ ಮೈಯಿಂದ ಔಷಧ ಇಳಿಯುತ್ತದೆ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅನುಮತಿ ಇಲ್ಲದ ಔಷಧವನ್ನು ಪಶುವೈದ್ಯರು ಅನಿವಾರ್ಯವಾಗಿ ಬರೆದಾಗ ಯುರೋಪಿನಲ್ಲಿ ಕಾಯುವ ಲೆಕ್ಕ ನೀರಿನ ಉಷ್ಣಾಂಶವನ್ನು ದಿನಗಳಿಂದ ಗುಣಿಸಿ 500 ಆಗುವಷ್ಟು. 10 ಡಿಗ್ರಿ ನೀರಿಗೆ ಐವತ್ತು ದಿನ, ನಮ್ಮ 25 ಡಿಗ್ರಿಯ ನೀರಿಗೆ ಇಪ್ಪತ್ತು ದಿನ. ಆಮೇಲೆ ಆ ಮೀನು ಎಲ್ಲ ಪರೀಕ್ಷೆಯನ್ನೂ ಪಾಸಾಗಬಹುದು. ಹೊಂಡದ ಕೆಸರಿನ ಗತಿ ಬೇರೆ. ಮೇವಿನಲ್ಲಿ ಬೆರೆಸಿದ ಆಕ್ಸಿಟೆಟ್ರಾಸೈಕ್ಲಿನನ್ನು ಮೀನಿನ ಕರುಳು ಹೀರಿಕೊಳ್ಳುವುದು ಬಹಳ ಕಡಿಮೆ. ದೊಡ್ಡ ಪಾಲು ಹಿಕ್ಕೆಯಲ್ಲಿ, ತಿನ್ನದೆ ಉಳಿದ ಮೇವಿನಲ್ಲಿ ತಳ ಸೇರುತ್ತದೆ. ಅಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಔಷಧಕ್ಕೆ ಜಗ್ಗದವು ಉಳಿಯುತ್ತವೆ, ಹಾಗೆ ಉಳಿದವು ತಮ್ಮ ವಿದ್ಯೆಯನ್ನು ಬೇರೆ ಜಾತಿಯವಕ್ಕೂ ದಾಟಿಸುತ್ತವೆ. ಹೊಂಡದ ನೀರು ಕಾಲುವೆಗೆ, ಕಾಲುವೆ ಹೊಳೆಗೆ. ಆಸ್ಪತ್ರೆಯಲ್ಲಿ ಔಷಧ ನಾಟದ ಸೋಂಕಿನಿಂದ ನರಳುವ ರೋಗಿಗೆ ಇದರ ಒಂದು ಎಳೆ ಬಂದು ಸೇರಬಹುದು. ಇದು ಮೀನಿನ ಮಾಂಸದ ವರದಿಯಲ್ಲಿ ಎಂದೂ ಕಾಣುವುದಿಲ್ಲ.

ಕರ್ನಾಟಕಕ್ಕೆ ಈ ವಿಷಯ ಹೊಸದೇನಲ್ಲ. 1969ರಲ್ಲಿ ಮಂಗಳೂರಿನಲ್ಲಿ ಶುರುವಾದ ಮೀನುಗಾರಿಕಾ ಕಾಲೇಜು ದೇಶದಲ್ಲಿ ಆ ಬಗೆಯ ಮೊದಲನೆಯದು. ಅಲ್ಲಿನ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಮತ್ತು ಸಂಗಡಿಗರು 1994ರಲ್ಲಿ ಒಂದು ಸಂಶೋಧನಾ ಲೇಖನ ಪ್ರಕಟಿಸಿದರು. ಸಿಗಡಿ ಮರಿ ಕೇಂದ್ರವೊಂದರಲ್ಲಿ ಹುಲಿ ಸಿಗಡಿಯ ಮರಿಗಳು ರಾಶಿರಾಶಿಯಾಗಿ ಸತ್ತಿದ್ದವು. ಕಾರಣ ವಿಬ್ರಿಯೊ ಹಾರ್ವೆಯಿ ಎಂಬ, ಕತ್ತಲಲ್ಲಿ ಮಿನುಗುವ ಬ್ಯಾಕ್ಟೀರಿಯಾ. ಕ್ಲೋರಾಂಫೆನಿಕಾಲ್ ಸೇರಿದಂತೆ ಹಲವು ಔಷಧಗಳಿಗೆ ಅದು ಬಗ್ಗದಾಗಿತ್ತು. ಮರಿಗಳನ್ನು ಉಳಿಸಲೆಂದು ಹಾಕುತ್ತಿದ್ದ ಔಷಧವೇ ಮರಿಗಳನ್ನು ಕೊಲ್ಲುವ ತಳಿಗೆ ಜಾಗ ಮಾಡಿಕೊಟ್ಟಿತ್ತು ಎಂದು ನಾನು ಅದನ್ನು ಓದುತ್ತೇನೆ. ಯುರೋಪ್ ಗಡಿಯಲ್ಲಿ ಕಂಟೇನರುಗಳನ್ನು ತಡೆಯುವುದಕ್ಕೆ ಎಷ್ಟೋ ವರ್ಷ ಮುಂಚೆ ನಮ್ಮದೇ ಕರಾವಳಿಯ ವಿಜ್ಞಾನಿಗಳು ಎಚ್ಚರಿಸಿದ್ದರು.

ರೈತ ಯಾಕೆ ಹಾಕುತ್ತಾನೆ ಎಂದು ಕೇಳದೆ ಅಳತೆಯ ಬಗ್ಗೆ ಮಾತಾಡುವುದು ಸರಿಯಲ್ಲ. ಸಿಗಡಿ ಬೆಳೆಗಾರರನ್ನು 1990ರ ದಶಕದಲ್ಲಿ ನೆಲಕ್ಕೆ ಕೆಡವಿದ ಬಿಳಿ ಚುಕ್ಕೆ ರೋಗ ವೈರಸ್ಸಿನದು. ಈಗ ಬೆಳವಣಿಗೆಯನ್ನೇ ಕುಂಠಿಸುವ ಇಎಚ್‌ಪಿ ಎಂಬುದು ಶಿಲೀಂಧ್ರಗಳ ಹತ್ತಿರದ ಸಂಬಂಧಿಯೊಂದರದು. ಎರಡಕ್ಕೂ ಆಂಟಿಬಯೋಟಿಕ್ ನಾಟುವುದಿಲ್ಲ. ಆದರೆ ಸಾಲ ಮಾಡಿ ಮರಿ ಬಿಟ್ಟ ರೈತನಿಗೆ ಬೆಳಿಗ್ಗೆ ಹೊಂಡದ ಅಂಚಿನಲ್ಲಿ ಸತ್ತ ಸಿಗಡಿ ಕಂಡಾಗ ಅದು ವೈರಸ್ಸೋ ಬ್ಯಾಕ್ಟೀರಿಯಾವೋ ಹೇಳುವವರು ಹತ್ತಿರದಲ್ಲಿಲ್ಲ. ಹತ್ತಿರದಲ್ಲಿರುವುದು ಮೇವು, ಔಷಧ ಎರಡನ್ನೂ ಸಾಲದ ಮೇಲೆ ಕೊಡುವ ಅಂಗಡಿ. ಅಂಗಡಿಯವನೇ ಸಲಹೆಗಾರ. ಅವನು ಕೊಟ್ಟ ಪೊಟ್ಟಣದ ಮೇಲೆ ಏನಿದೆ ಎಂದು ಬರೆದಿರುತ್ತದೆ, ಒಳಗೆ ಅದಷ್ಟೇ ಇದೆಯೇ ಎಂದು ಪರೀಕ್ಷಿಸುವ ಶಕ್ತಿ ರೈತನಿಗಿಲ್ಲ. ಕಟಾವಿನ ದಿನ ಹೊಂಡದ ಮೀನನ್ನು ಅಳೆದು ರೈತನನ್ನು ಹಿಡಿಯುವ ವ್ಯವಸ್ಥೆ, ಅವನಿಗೆ ಔಷಧ ಮಾರಿದವನನ್ನೂ ತಯಾರಿಸಿದವನನ್ನೂ ಮುಟ್ಟದೆ ಬಿಟ್ಟರೆ ಅದು ಅನ್ಯಾಯ. 2025ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಔಷಧಗಳ ತಯಾರಿಕೆ, ಮಾರಾಟಗಳನ್ನೇ ನಿಷೇಧಿಸಿದ್ದು ಈ ಕಾರಣಕ್ಕೆ ಒಳ್ಳೆಯ ಹೆಜ್ಜೆ. ಅದೇ ವರ್ಷದ ಏಪ್ರಿಲಿನಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಬಿಗಿಯಾದ ನಿಯಮಗಳೂ ಬಂದವು. ಕಾಗದದಲ್ಲಿ ಈಗ ನಮ್ಮ ಸಂತೆಯ ಮೀನಿಗೂ ರಕ್ಷಣೆ ಇದೆ. ಅದನ್ನು ಕಾಗದದಿಂದ ಕೆಳಗಿಳಿಸುವುದು ಅಳತೆಯೇ.

ನಾರ್ವೆ ಈ ದಾರಿಯಲ್ಲಿ ಮುಂದೆ ಹೋಗಿದೆ. 1987ರಲ್ಲಿ ಅಲ್ಲಿನ ಸಾಲ್ಮನ್ ಸಾಕಣೆ ಸುಮಾರು ಐವತ್ತು ಸಾವಿರ ಟನ್ ಮೀನಿಗೆ ಸುಮಾರು ಐವತ್ತು ಟನ್ ಆಂಟಿಬಯೋಟಿಕ್ ಸುರಿಯುತ್ತಿತ್ತು. ಇವತ್ತು ಹತ್ತು ಲಕ್ಷ ಟನ್ ಮೀರಿ ಮೀನು ಬೆಳೆದು ಒಂದು ಟನ್ನಿಗೂ ಕಡಿಮೆ ಔಷಧ ಬಳಸುತ್ತದೆ. ಇದಕ್ಕೆ ಮುಖ್ಯ ಕಾರಣ ಲಸಿಕೆ. 1990ರ ದಶಕದ ಆರಂಭದಲ್ಲಿ ಬಂದ ಎಣ್ಣೆ ಬೆರೆಸಿದ ಲಸಿಕೆಯನ್ನು ಒಂದೊಂದು ಮರಿಗೂ ಚುಚ್ಚಿದರು. ಸಿಗಡಿಗೆ ಹಾಗೆ ಲಸಿಕೆ ಹಾಕಲು ಬರುವುದಿಲ್ಲ, ಅದರ ಮೈಯಲ್ಲಿ ನಮ್ಮ ಹಾಗೆ ಪ್ರತಿಕಾಯಗಳು ಹುಟ್ಟುವುದಿಲ್ಲ. ಹಾಗಾಗಿ ನಾರ್ವೆಯ ದಾರಿಯನ್ನು ಹಾಗೇ ನಕಲು ಮಾಡಲಾಗದು. ನಾವು ಕಲಿಯಬೇಕಾದದ್ದು ಅವರ ಇನ್ನೊಂದು ಅಭ್ಯಾಸವನ್ನು. ಔಷಧಕ್ಕೆ ಚೀಟಿ ಬೇಕು, ಪ್ರತಿ ಚೀಟಿಯೂ ದಾಖಲಾಗಬೇಕು, ವರ್ಷದ ಕೊನೆಗೆ ಒಟ್ಟು ಎಷ್ಟು ಎಂದು ಎಲ್ಲರಿಗೂ ಹೇಳಬೇಕು. ಚಿಲಿಯಲ್ಲಿ ಇಂದೂ ವರ್ಷಕ್ಕೆ ನೂರಾರು ಟನ್ ಬಳಸುತ್ತಾರೆ, ಆದರೆ ಅವರೂ ಲೆಕ್ಕವನ್ನು ಪ್ರಕಟಿಸುತ್ತಾರೆ. ಬಯ್ಯಬೇಕಾದರೂ ಅಂಕಿ ಕೈಯಲ್ಲಿರುತ್ತದೆ. ನಮ್ಮ ಹೊಂಡಗಳಿಗೆ ಎಷ್ಟು ಔಷಧ ಸೇರುತ್ತದೆ ಎಂಬ ಅಂಥ ಸಾರ್ವಜನಿಕ ಲೆಕ್ಕ ನಮ್ಮಲ್ಲಿಲ್ಲ. ಮನುಷ್ಯರ ಔಷಧದಂಗಡಿಗಳಲ್ಲಿ 2014ರಿಂದ ಎಚ್1 ಪಟ್ಟಿಯ ಆಂಟಿಬಯೋಟಿಕ್ ಮಾರಿದರೆ ಬರೆದುಕೊಟ್ಟ ವೈದ್ಯರು, ರೋಗಿ, ಪ್ರಮಾಣ ಮೂರನ್ನೂ ರಿಜಿಸ್ಟರಿನಲ್ಲಿ ಬರೆಯಬೇಕೆಂಬ ನಿಯಮವಿದೆ. ಮೀನು-ಸಿಗಡಿ ಔಷಧ ಮಾರುವ ಅಂಗಡಿಗೂ ಅಂಥದೊಂದು ಪುಸ್ತಕ ಯಾಕಿರಬಾರದು? ಯಂತ್ರಕ್ಕೆ ಕೋಟಿ ಖರ್ಚಿದೆ, ಪುಸ್ತಕಕ್ಕಿಲ್ಲ.

ಖರ್ಚಿನ ಮಾತನ್ನು ತಳ್ಳಿಹಾಕುವಂತಿಲ್ಲ. ದೃಢಪಡಿಸುವ ಯಂತ್ರಗಳ ಬೆಲೆ ಕೋಟಿಗಳಲ್ಲಿದೆ, ನಡೆಸುವುದೂ ದುಬಾರಿ. ಪ್ರತಿ ಲಾರಿಯನ್ನೂ ಪರೀಕ್ಷಿಸಲಾಗದು, ಪರೀಕ್ಷಿಸಬೇಕಾಗಿಯೂ ಇಲ್ಲ. ಹಾಲಿನ ವಿಷಯದಲ್ಲಿ ಇದೇ ದೇಶ ಏನು ಮಾಡಿತು ಎಂದು ನೋಡಬಹುದು. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಸಾವಿರಕ್ಕೂ ಹೆಚ್ಚು ಊರುಗಳಿಂದ 6,432 ಹಾಲಿನ ಸ್ಯಾಂಪಲ್ ಸಂಗ್ರಹಿಸಿ, ಮರುವರ್ಷ ಫಲಿತಾಂಶವನ್ನು ಜನರ ಮುಂದಿಟ್ಟಿತು. 77 ಸ್ಯಾಂಪಲ್ಲುಗಳಲ್ಲಿ ಆಂಟಿಬಯೋಟಿಕ್ ಮಿತಿ ಮೀರಿತ್ತು, ನೂರಕ್ಕೆ ಸುಮಾರು 1.2. ಜನ ಹಾಲು ಕುಡಿಯುವುದು ಬಿಡಲಿಲ್ಲ. ಅದಕ್ಕೆ ಮುಂಚೆ ಎಲ್ಲ ಹಾಲೂ ವಿಷವೆಂಬ ಮಾತು ಬೀದಿಯಲ್ಲಿ ಹರಿದಾಡುತ್ತಿತ್ತು. ಎಲ್ಲಿ ತೊಂದರೆ ಇದೆ, ಎಲ್ಲಿ ಇಲ್ಲ ಎಂದು ಅಂಕಿ ಬಿಡಿಸಿ ಹೇಳಿತು.

ಅಂಕಿ ಇಲ್ಲದಾಗ ಏನಾಗುತ್ತದೆ ಎಂಬುದನ್ನು ಅದೇ 2018ರಲ್ಲಿ ಮೀನು ಮಾರುವವರು ಅನುಭವಿಸಿದರು. ಫಾರ್ಮಾಲಿನ್ ಹಾಕಿದ ಮೀನು ಎಂಬ ಸುದ್ದಿ ಕೇರಳದಲ್ಲಿ ಹುಟ್ಟಿ ಗೋವಾಕ್ಕೆ, ಅಸ್ಸಾಮಿಗೆ ಹಬ್ಬಿತು. ಅಸ್ಸಾಂ ಸರ್ಕಾರ ಹೊರಗಿನ ಮೀನನ್ನು ಕೆಲ ದಿನ ನಿಷೇಧಿಸಿತು. ತಪ್ಪು ಮಾಡಿದವರ ಜೊತೆಗೆ ಮಾಡದವರ ಬುಟ್ಟಿಯೂ ಹಾಗೇ ಉಳಿಯಿತು. ಆಂಟಿಬಯೋಟಿಕ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಿವಿರು ಎತ್ತಿ ನೋಡಿ ಮೀನು ಕೊಳ್ಳುವ ನಮ್ಮ ತಾಯಂದಿರ ಜಾಣ್ಮೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಇದರ ಬಗ್ಗೆ ಒಂದು ವಿಡಿಯೋ ಹರಿದಾಡಿದರೆ ಹೆದರಿಕೆ ಇನ್ನೂ ಜೋರಾಗುತ್ತದೆ. ಅಳತೆ ಮಾಡಿದರೆ ಜನ ಹೆದರುತ್ತಾರೆ ಎನ್ನುವ ಅಧಿಕಾರಿಗಳು ಈ ಮುಖವನ್ನೂ ನೋಡಬೇಕು.

ಕರ್ನಾಟಕದಲ್ಲಿ ಎಲ್ಲಿಂದ ಶುರುಮಾಡಬಹುದು? ಎಲ್ಲ ಮೀನಿಗೂ ಒಂದೇ ಬಗೆಯ ಅಪಾಯವಿಲ್ಲ. ಹರಾಜಿನಲ್ಲಿ ಹಿಡಿದ ಊರ ಕೆರೆಗೆ ಮರಿ ಬಿಟ್ಟು, ಕೆರೆಯಲ್ಲೇ ಸಿಕ್ಕಿದ್ದನ್ನು ತಿಂದು ಬೆಳೆದ ಕಾಟ್ಲಾಕ್ಕೆ ಔಷಧ ಹಾಕುವ ಪ್ರಮೇಯ ಕಡಿಮೆ. ಮೇವು ಸುರಿದು, ಏರೇಟರ್ ಇಟ್ಟು, ಒತ್ತಾಗಿ ಮೀನು ತುಂಬಿದ ಹೊಂಡಗಳ ಕಡೆ ಮೊದಲು ಹೋಗಬೇಕು. ಸಿಂಧನೂರು, ರಾಯಚೂರು ಭಾಗದ ಹೊಂಡಗಳು, ಕುಂದಾಪುರ, ಕುಮಟಾ ಕಡೆಯ ಸಿಗಡಿ ಕೆರೆಗಳು, ಪಂಗಾಸಿಯಸ್ ಸಾಕುವ ಘಟಕಗಳು, ಹಾಗೆಯೇ ಆಂಧ್ರದ ಲಾರಿ ಇಳಿಯುವ ಬೆಂಗಳೂರಿನ ಸಗಟು ಮಾರುಕಟ್ಟೆ. ಒಂದೊಂದು ಗುಂಪಿನಿಂದ ಕನಿಷ್ಠ ಅರವತ್ತು ಸ್ಯಾಂಪಲ್, ಮಳೆಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ. ಎಲಿಸಾದಲ್ಲಿ ಸಂಶಯ ಬಂದದ್ದು ದೊಡ್ಡ ಯಂತ್ರಕ್ಕೆ. ಸಿಹಿನೀರಿನ ಸಿಗಡಿಯಾದರೆ ಚಿಪ್ಪು ಸುಲಿದು, ಕಾಟ್ಲಾ ಆದರೆ ತಲೆಯ ಮೂಳೆಯದೊಂದು ಸ್ಯಾಂಪಲ್ ಬೇರೆಯಾಗಿ. ಜೊತೆಗೆ ಅದೇ ಹೊಂಡದ ಕೆಸರಿನಿಂದ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಕ್ಕೆ ಅದು ಬಗ್ಗುತ್ತಿಲ್ಲ ಎಂಬ ಪರೀಕ್ಷೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಮೀನು, ಜಾನುವಾರುಗಳಲ್ಲಿ ಔಷಧ ಪ್ರತಿರೋಧ ಗಮನಿಸಲು ಕಟ್ಟಿರುವ ಜಾಲ ಈಗಾಗಲೇ ಇದೆ, ಹೊಸದೇನೂ ಕಟ್ಟಬೇಕಾಗಿಲ್ಲ. ಮಂಗಳೂರಿನ ಕಾಲೇಜಿನಲ್ಲಿ ಕಲಿತವರು ರಾಜ್ಯದ ಮೀನುಗಾರಿಕೆ ಇಲಾಖೆಯಲ್ಲೇ ಇದ್ದಾರೆ.

ಮೊದಲ ವರ್ಷದ ಪಟ್ಟಿಯಲ್ಲಿ ಕೆಟ್ಟ ಅಂಕಿಗಳು ಬರಬಹುದು. ಬಂದರೂ ಅವನ್ನು ಅಡಗಿಸದೆ ಸ್ಯಾಂಪಲ್ಲಿನ ಸಂಖ್ಯೆ, ವಿಧಾನ, ಯಂತ್ರದ ಮಿತಿಗಳ ಸಮೇತ ಕನ್ನಡದಲ್ಲಿ ಪ್ರಕಟಿಸಬೇಕು. ಅದಕ್ಕೂ ಮುಂಚೆ ಆಯಾ ಹೊಂಡದ ವರದಿ ಆಯಾ ರೈತನ ಕೈ ಸೇರಬೇಕು: ಏನು ಸಿಕ್ಕಿತು, ಮೀನು ಸತ್ತದ್ದು ಯಾವ ರೋಗದಿಂದ, ಆ ರೋಗಕ್ಕೆ ಈ ಔಷಧ ನಾಟುತ್ತದೆಯೇ ಇಲ್ಲವೇ. ಮೊದಲ ಸಲಕ್ಕೆ ದಂಡ ಬೇಡ. ಅವನು ಔಷಧ ಕೊಂಡ ಅಂಗಡಿಯ ಪೊಟ್ಟಣವನ್ನು ಅದೇ ಲ್ಯಾಬಿಗೆ ತಂದುಕೊಟ್ಟರೆ ಅದನ್ನೂ ಹಣ ಪಡೆಯದೆ ಪರೀಕ್ಷಿಸಿಕೊಡಲಿ.